ಫ್ರೆಂಚ್ ಬ್ರೋಷರ್ ಇಂಗ್ಲಿಷಿಗೆ: ಫ್ರೀ ಆ್ಯಪ್, ಏಜೆನ್ಸಿ, ಚಾಟ್‌ಬಾಟ್, ಇಲ್ಲಾ ಸರಸ್ವತಿಪುರಂ ಮೇಡಂ?

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಮೇಡಂಗೆ. ರಿಟೈರ್ ಆದ ಫ್ರೆಂಚ್ ಟೀಚರ್, ಗಂಟೆಗೆ 400 ರೂಪಾಯಿ, ಕಾಫಿ ಅವರದ್ದೇ. ಏಜೆನ್ಸಿಯೊಂದಕ್ಕೆ 4,800 ಸುರಿದ ಮೇಲೆ ಬಂದ ಬುದ್ಧಿ ಇದು.

ಕೆಲಸ ಇಷ್ಟೇ. ಫ್ರಾನ್ಸಿನ ದೋರ್ದೋನ್ ಕಡೆ ಒಂದು ಕುಟುಂಬ ಮನೆಯ ಕೋಣೆಗಳನ್ನು ಪ್ರವಾಸಿಗರಿಗೆ ಕೊಡುತ್ತದೆ. ಅಲ್ಲಿಗೆ ಇಂಗ್ಲೆಂಡಿನವರು ಜಾಸ್ತಿ ಹೋಗುತ್ತಾರೆ, ಹಾಗಾಗಿ ಎಂಟು ಪುಟದ ಬ್ರೋಷರ್ ಇಂಗ್ಲಿಷಿಗೆ ಬೇಕಿತ್ತು. ನನ್ನ ಇಂಗ್ಲಿಷ್ ಪರವಾಗಿಲ್ಲ, ಫ್ರೆಂಚ್ ಅರ್ಧಂಬರ್ಧ. (ನಮ್ಮೂರು ಪಾಂಡವಪುರ. ಹಿಂದೆ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರು ಅಂತ ಬ್ರಿಟಿಷರು ಅದನ್ನು ಫ್ರೆಂಚ್ ರಾಕ್ಸ್ ಅಂತಲೇ ಕರೆಯುತ್ತಿದ್ದರು. ಅದರಿಂದ ನನ್ನ ವ್ಯಾಕರಣಕ್ಕೇನೂ ಲಾಭ ಆಗಿಲ್ಲ.)

ಫ್ರೀ ಆ್ಯಪ್‌ಗೆ ಹಾಕಿದರೆ ಹತ್ತು ಸೆಕೆಂಡಿನಲ್ಲಿ ಇಂಗ್ಲಿಷ್ ರೆಡಿ. ತಪ್ಪು ಹುಡುಕಿದರೂ ಸಿಗಲ್ಲ. ತಲೆನೋವು ಬೇರೆಯದೇ. ಫ್ರೆಂಚ್ ಬ್ರೋಷರ್‌ಗಳಲ್ಲಿ 'ಎಕ್ರ್ಯಾಂ ದ ವೆರ್ದ್ಯೂರ್' ಅಂತ ಒಂದು ಮಾತು ಪದೇ ಪದೇ ಬರುತ್ತದೆ. ಎಕ್ರ್ಯಾಂ ಅಂದರೆ ಒಡವೆ ಇಡುವ ಪುಟ್ಟ ಪೆಟ್ಟಿಗೆ, ವೆರ್ದ್ಯೂರ್ ಅಂದರೆ ಹಸಿರು. ಅವರಿಗೆ ಚೆಂದವೇ. ಆ್ಯಪ್ ಇದನ್ನು 'ನೆಸಲ್ಡ್ ಇನ್ ಎ ಲಶ್ ಗ್ರೀನ್ ಸೆಟ್ಟಿಂಗ್' ಮಾಡಿತು, ಅಂದರೆ ದಟ್ಟ ಹಸಿರಿನ ನಡುವೆ ಗೂಡಲ್ಲಿ ಕೂತ ಹಾಗೆ. ಸರಿ, ಒಂದು ಸಲ ಓಕೆ. ಆದರೆ ಮುಂದೆ ಓದಿದರೆ ಮನೆ ನೆಸಲ್ಡ್, ಊರು ನೆಸಲ್ಡ್, ಚರ್ಚು ನೆಸಲ್ಡ್, ಕೊನೆಗೆ ಈಜುಕೊಳವೂ ನೆಸಲ್ಡ್. ಎಣಿಸಿದೆ, 11 ಸಲ.

ಏಜೆನ್ಸಿಗೆ ಹೋಗಿದ್ದು ಇದೇ ಕಾರಣಕ್ಕೆ. ಪದಕ್ಕೆ 2 ರೂಪಾಯಿ, 2,400 ಪದ. ನಾಲ್ಕು ದಿನ ಕಾಯಿಸಿ ಕಳಿಸಿದರು. ತೆಗೆದು ಎಣಿಸಿದರೆ ಅದರಲ್ಲೂ ನೆಸಲ್ಡ್ 11! ಅದೇ ಆ್ಯಪ್, ಅದೇ ಕಾಮಾಗಳು. ಫೋನ್ ಮಾಡಿ ಕೇಳಿದರೆ 'ಕ್ವಾಲಿಟಿ ಚೆಕ್ ಆಗಿದೆ ಸರ್' ಅಂದರು.

ಸಿಟ್ಟಿನಲ್ಲಿ ನಾನೇ ತಿದ್ದಲು ಕೂತೆ. ನೆಸಲ್ಡ್ ಕಿತ್ತು 'ಇನ್ ದ ಲ್ಯಾಪ್ ಆಫ್ ನೇಚರ್' ಅಂತ ಹಾಕಿ ಖುಷಿಪಟ್ಟೆ. ಮೇಡಂ ಕನ್ನಡಕ ಏರಿಸಿ ಕೇಳಿದ್ದು ಇಷ್ಟು: "ಯಾರ ಮಡಿಲಪ್ಪಾ ಇದು? ಇಂಗ್ಲೆಂಡಿನವರ ಲ್ಯಾಪ್ ಮೇಲೆ ಮಗು ಕೂರುತ್ತೆ, ಬೆಕ್ಕು ಮಲಗುತ್ತೆ. ಪ್ರಕೃತಿಯ ಮಡಿಲು ನಮ್ಮದು, ಕೊಡಗಿನ ರೆಸಾರ್ಟ್ ಬೋರ್ಡಿನದ್ದು." ಹೌದಲ್ವಾ! ಫ್ರೆಂಚ್ ಒಡವೆ ಪೆಟ್ಟಿಗೆ ತೆಗೆದು ಕನ್ನಡದ ಮಡಿಲು ಇಟ್ಟಿದ್ದೆ, ಇಂಗ್ಲಿಷ್ ಇನ್ನೂ ಬಂದೇ ಇರಲಿಲ್ಲ.

ಆಮೇಲೆ ಅವರು, "ಮನೆ ಸುತ್ತ ನಿಜವಾಗಿ ಏನಿದೆ ಅಂತ ಆ ಮನೆಯವರನ್ನೇ ಕೇಳು" ಅಂದರು. ಮೇಲ್ ಹಾಕಿದೆ. ವಾಲ್‌ನಟ್ ಮರಗಳು ಅಂತ ಉತ್ತರ ಬಂತು. ಆ ಸಾಲು ಈಗ 'ಆ್ಯನ್ ಓಲ್ಡ್ ಸ್ಟೋನ್ ಹೌಸ್ ಅಮಂಗ್ ವಾಲ್‌ನಟ್ ಟ್ರೀಸ್'. ಅಷ್ಟೇ.

ಇನ್ನೊಂದು ಎಡವಟ್ಟು 'ಷಾಂಬ್ರ್ ದೋತ್', 'ತಾಬ್ಲ್ ದೋತ್' ಎಂಬ ಜೋಡಿಯಲ್ಲಿ. ಏಜೆನ್ಸಿಯವರು ಮೊದಲನೆಯದನ್ನು ಹೋಟೆಲ್ ರೂಮ್ ಅಂತಲೂ ಎರಡನೆಯದನ್ನು ರೆಸ್ಟೋರೆಂಟ್ ಅಂತಲೂ ಬದಲಿಸಿದ್ದರು. ಬಹುಶಃ ಅವರು ಕೈಯಾಡಿಸಿದ್ದು ಅಲ್ಲೊಂದೇ ಕಡೆ. ಷಾಂಬ್ರ್ ದೋತ್ ಅಂದರೆ ಯಜಮಾನರು ವಾಸವಿರುವ ಮನೆಯಲ್ಲೇ ಕೋಣೆ. ಫ್ರಾನ್ಸಿನ ಕಾನೂನಿನಲ್ಲಿ ಹೆಚ್ಚೆಂದರೆ 5 ಕೋಣೆ, 15 ಜನ, ಬೆಳಗಿನ ತಿಂಡಿ ಸೇರಿ. ಇಂಗ್ಲಿಷಿನಲ್ಲಿ ಬಿ ಆ್ಯಂಡ್ ಬಿ (ಬೆಡ್ ಆ್ಯಂಡ್ ಬ್ರೇಕ್‌ಫಾಸ್ಟ್) ಅಂದರೆ ಸಾಕು. ತಾಬ್ಲ್ ದೋತ್ ಅಂದರೆ ಮನೆಯವರ ಜೊತೆ ಒಂದೇ ಮೇಜಿನಲ್ಲಿ, ಅವತ್ತು ಮಾಡಿದ್ದನ್ನು ಊಟ ಮಾಡುವುದು. ರೆಸ್ಟೋರೆಂಟ್ ಅಂತ ಬರೆದಿದ್ದರೆ ಬಂದ ಅತಿಥಿ ಮೆನು ಕಾರ್ಡ್ ಕೇಳುತ್ತಿದ್ದ, ಯಜಮಾನಿ ನನ್ನನ್ನು ಬಯ್ಯುತ್ತಿದ್ದರು.

ಚಾಟ್‌ಬಾಟ್ ಇಂಗ್ಲಿಷ್ ನಾಲ್ಕರಲ್ಲೇ ನಯವಾದದ್ದು, ಒಪ್ಪುತ್ತೇನೆ. ಆದರೆ ಅದಕ್ಕೆ ಕೈ ಸುಮ್ನೆ ಇರಲ್ಲ. 'ಅಂಕೊಂತುರ್ನಾಬ್ಲ್' ಅಂದರೆ ನೋಡದೆ ಹೋಗಬೇಡಿ ಅನ್ನುವಷ್ಟೇ. ಆದಿಮಾನವರ ಚಿತ್ರಗಳಿರುವ ಲಾಸ್ಕೋ ಗುಹೆಯ ಹೆಸರಿನ ಪಕ್ಕ ಆ ಪದ ಇತ್ತು. ಚಾಟ್‌ಬಾಟ್ 'ಅಸಲಿ ಗುಹೆಯೊಳಗೆ ಕಾಲಿಡಿ' ಅಂತ ಸೇರಿಸಿಬಿಟ್ಟಿತು. ಅಸಲಿ ಗುಹೆಯನ್ನು ಸಾರ್ವಜನಿಕರಿಗೆ 1963ರಲ್ಲೇ ಮುಚ್ಚಿದ್ದಾರೆ, ಜನ ನೋಡುವುದು ಪ್ರತಿಕೃತಿ. ಮೇಡಂ ಹಿಡಿಯದಿದ್ದರೆ ಹಾಗೇ ಹೋಗುತ್ತಿತ್ತು.

'ಆ ದ ಪಾ', ಅಂದರೆ ಎರಡೇ ಹೆಜ್ಜೆ, ಅನ್ನುವ ಕಡೆಯೆಲ್ಲ ನಡೆಯಲು ಹಿಡಿಯುವ ನಿಮಿಷ ಹಾಕಿದೆವು.

ಮೂರು ಸಂಜೆ, ಐದು ಗಂಟೆ, 2,000 ರೂಪಾಯಿ. ಕುವೆಂಪುನಗರದಿಂದ ಸ್ಕೂಟರಿನಲ್ಲಿ ಹೋಗಿ ಬರುವುದು ನನಗೆ ಕಷ್ಟವಲ್ಲ, ತಿಂಗಳಿಗೆ ಇಂಥ ಕೆಲಸ ಒಂದೋ ಎರಡೋ ಬರುವುದು. ದಿನಾ ಬರುವವರಿಗೆ, ರಾತ್ರೋರಾತ್ರಿ ಕೊಡಬೇಕಾದವರಿಗೆ ಮೇಡಂ ದಾರಿ ಆಗಲ್ಲ; ಅವರು ಚಾಟ್‌ಬಾಟ್ ಹಿಡಿದು ಒಂದೊಂದು ಸಾಲನ್ನೂ ಮೂಲದ ಜೊತೆ ಇಟ್ಟು ನೋಡಲಿ. ಬುಕಿಂಗ್ ಮೇಲ್ ಓದುವುದಕ್ಕೆ ನನಗೆ ಈಗಲೂ ಫ್ರೀ ಆ್ಯಪೇ. ಏಜೆನ್ಸಿ ಕಡೆ ತಲೆ ಹಾಕಲ್ಲ.

11 ನೆಸಲ್ಡ್‌ನಲ್ಲಿ ಮೇಡಂ ಒಂದನ್ನು ಉಳಿಸಿದರು. ಬಂಡೆಯ ಕೆಳಗೆ, ನದಿಗೆ ಅಂಟಿಕೊಂಡು ಕೂತ ಒಂದು ಹಳ್ಳಿಗೆ. ಫೋಟೋ ನೋಡಿ, "ಇದು ನಿಜವಾಗಿ ಗೂಡಲ್ಲಿ ಕೂತ ಹಾಗೇ ಇದೆ, ಇರಲಿ ಬಿಡು" ಅಂದರು.