ಚಳಿಗಾಲದ ಓವರ್‌ಕ್ಲಾಕ್ ಬೇಸಿಗೆಗೆ ತಡೆಯುವುದಿಲ್ಲ: ಸ್ಟಾಕ್ ಕೂಲರ್ ಇರುವವರು ದಯವಿಟ್ಟು ಓದಿ

ವಿಜಯಪುರದಲ್ಲಿ ಮದುವೆ ವಿಡಿಯೊ ಎಡಿಟಿಂಗಿಗೆ ಇಟ್ಟಿದ್ದ ಒಂದು ಕಂಪ್ಯೂಟರ್ ಬೇಸಿಗೆ ಮುಗಿಯುವುದರೊಳಗೆ ಮೂಲೆ ಸೇರಿತು. ಅದರ ಜೊತೆ ಮಂದಿಯ ಮದುವೆಯ ಫೂಟೇಜೂ ಹೋಯಿತು. ಶುರುವಾದದ್ದು ಓವರ್‌ಕ್ಲಾಕ್‌ನಿಂದ, ಅಂದರೆ ಪ್ರೊಸೆಸರನ್ನು ಅದರ ಮಾಮೂಲಿ ವೇಗಕ್ಕಿಂತ ಹೆಚ್ಚು ಓಡಿಸುವುದರಿಂದ. ಬೆಳಗಾವಿಯ ತಂಪಿನಲ್ಲಿ ಇರುವವರಿಗಿಂತ ವಿಜಯಪುರ, ಬಾಗಲಕೋಟೆ ಕಡೆಯವರು ಇದನ್ನು ಹೆಚ್ಚು ಗಮನಿಸಬೇಕು.

ಅದರಲ್ಲಿದ್ದದ್ದು ರೈಜೆನ್ 5 3600 ಪ್ರೊಸೆಸರ್, ಬಿ450 ಬೋರ್ಡ್, ಪ್ರೊಸೆಸರ್ ಜೊತೆಗೇ ಬರುವ ಸ್ಟಾಕ್ ಕೂಲರ್ ರೇತ್ ಸ್ಟೆಲ್ತ್. ಜೋಡಿಸಿಕೊಟ್ಟವರು ಡಿಸೆಂಬರ್‌ನಲ್ಲಿ ಬಯೋಸ್‌ಗೆ (ಬೋರ್ಡಿನ ಸೆಟ್ಟಿಂಗ್ ಪರದೆ) ಹೋಗಿ ಆರೂ ಕೋರ್‌ಗಳನ್ನು 4.2 ಗಿಗಾಹರ್ಟ್ಸ್‌ಗೆ, ವೋಲ್ಟೇಜನ್ನು 1.35ಕ್ಕೆ ಕಾಯಂ ಮಾಡಿ, ಪ್ರೊಸೆಸರಿನ ವೇಗ ಅಳೆಯುವ ಸಿನಿಬೆಂಚ್ ಪರೀಕ್ಷೆಯನ್ನು ಹತ್ತು ನಿಮಿಷ ಓಡಿಸಿದ್ದರು. ಕೋಣೆ 24 ಡಿಗ್ರಿ ಇತ್ತು, ಪ್ರೊಸೆಸರ್ 86ಕ್ಕೆ ನಿಂತಿತು. ಪಾಸು ಎಂದು ಕೊಟ್ಟು ಕಳಿಸಿದರು.

ಕೂಲರ್‌ಗೆ ಗೊತ್ತಿರುವುದು ಕೋಣೆಯ ಗಾಳಿಯೊಂದೇ. ಅದೇ ಕೆಲಸಕ್ಕೆ ಪ್ರೊಸೆಸರ್ ಕೋಣೆಗಿಂತ 62 ಡಿಗ್ರಿ ಮೇಲೆ ಇರುತ್ತದೆ ಎಂದರೆ, ಏಪ್ರಿಲ್ ಮಧ್ಯಾಹ್ನ ಪತ್ರಾಸ್ ಹೊದಿಸಿದ ಕೋಣೆ 38 ಮುಟ್ಟಿದಾಗ ಲೆಕ್ಕ 100ಕ್ಕೆ ಹೋಗುತ್ತದೆ. ಈ ಪ್ರೊಸೆಸರ್‌ಗೆ ಎಎಂಡಿ ಕೊಟ್ಟ ಗರಿಷ್ಠ ಮಿತಿ 95.

ಇಷ್ಟು ಅಪಾಯ ತಂದುಕೊಂಡು ಸಿಕ್ಕ ಲಾಭವಾದರೂ ಎಷ್ಟು? 3600ರ ಬೂಸ್ಟ್ ವೇಗವೇ (ತಾನಾಗಿ ಏರಬಲ್ಲ ಗರಿಷ್ಠ ವೇಗ) 4.2. ಎಲ್ಲ ಕೋರ್ ದುಡಿಯುವಾಗ ಅದು ತಾನಾಗಿಯೇ 4ರ ಆಸುಪಾಸು ಓಡುತ್ತದೆ. ಅಂದರೆ ಶೇ 5ರಷ್ಟು ವೇಗ. ಶಾಖದ ಲೆಕ್ಕ ಬೇರೆ: ಅದು ವೇಗಕ್ಕೆ ನೇರವಾಗಿ ಏರಿದರೆ, ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಉದಾಹರಣೆಗೆ 1.2 ವೋಲ್ಟಿನಿಂದ 1.35ಕ್ಕೆ ಹೋದರೆ ವೋಲ್ಟೇಜ್ ಒಂದರಿಂದಲೇ ಸುಮಾರು ಶೇ 27 ಹೆಚ್ಚು. ಇನ್ನೂ ಕೆಟ್ಟದ್ದೆಂದರೆ, ಹೀಗೆ ಕಾಯಂ ಮಾಡಿದಾಗ 65 ವ್ಯಾಟ್‌ನ ಈ ಪ್ರೊಸೆಸರ್‌ಗೆ ಇರುವ 88 ವ್ಯಾಟ್‌ನ ಪಿಪಿಟಿ ಮಿತಿ (ಪ್ರೊಸೆಸರ್ ಎಳೆಯಬಹುದಾದ ಗರಿಷ್ಠ ವಿದ್ಯುತ್ತು) ಬದಿಗೆ ಸರಿಯುತ್ತದೆ. ಪೂರ್ತಿ ಅಲ್ಯೂಮಿನಿಯಂನ ಆ ಚಿಕ್ಕ ಕೂಲರ್ ಅದಕ್ಕಿಂತ ಹೆಚ್ಚು ಹೊರುವಂಥದ್ದಲ್ಲ.

ಕಂಪ್ಯೂಟರ್ ಒಮ್ಮೆಲೇ ಬಂದ್ ಆಗಿದ್ದರೆ ಯಾರಾದರೂ ಎಚ್ಚೆತ್ತುಕೊಳ್ಳುತ್ತಿದ್ದರು. ಹಾಗಾಗಲಿಲ್ಲ. ಮೊದಲು ಎಕ್ಸ್‌ಪೋರ್ಟ್ ಆದ ವಿಡಿಯೊದಲ್ಲಿ ಅಲ್ಲಲ್ಲಿ ಹಸಿರು ಚೌಕಗಳು. ಸಾಫ್ಟ್‌ವೇರ್ ದೋಷವೆಂದು ಅದನ್ನು ಮತ್ತೆ ಇನ್‌ಸ್ಟಾಲ್ ಮಾಡಿದರು. ಆಮೇಲೆ ಜಿಪ್ ಫೈಲುಗಳು ತೆರೆಯಲೊಲ್ಲವು. ಅಷ್ಟು ಹೊತ್ತಿಗೆ ಕ್ಯಾಮೆರಾ ಕಾರ್ಡಿನಿಂದ ಕಾಪಿ ಮಾಡಿದ ಫೈಲುಗಳೂ ಒಳಗೊಳಗೇ ಕೆಟ್ಟಿದ್ದವು, ಕಾರ್ಡುಗಳು ಫಾರ್ಮ್ಯಾಟ್ ಆಗಿದ್ದವು. ಅಸ್ಥಿರ ಪ್ರೊಸೆಸರ್ ಲೆಕ್ಕ ತಪ್ಪಿದರೂ ವಿಂಡೋಸ್ ಪ್ರತಿ ಸಲ ಹೇಳುವುದಿಲ್ಲ. ಇವೆಂಟ್ ವ್ಯೂವರ್ ತೆರೆದು ಸಿಸ್ಟಮ್ ವಿಭಾಗದಲ್ಲಿ ‘ಡಬ್ಲ್ಯುಎಚ್‌ಇಎ-ಲಾಗರ್’ ಹೆಸರಿನ ಹಾರ್ಡ್‌ವೇರ್ ದೋಷದ ದಾಖಲೆ ಇದೆಯೇ ನೋಡಿ. ಒಂದೇ ಒಂದು ಕಂಡರೂ ಅವತ್ತೇ ಓವರ್‌ಕ್ಲಾಕ್ ತೆಗೆಯಿರಿ. ಅಲ್ಲಿಯವರೆಗೆ ಆ ಕಂಪ್ಯೂಟರಿನಲ್ಲಿ ಏನನ್ನೂ ಕಾಪಿ ಮಾಡಬೇಡಿ. ಮುಂದೆಯೂ ಕಾರ್ಡ್ ಅಳಿಸುವ ಮುಂಚೆ 7-ಜಿಪ್‌ನ ರೈಟ್ ಕ್ಲಿಕ್ ಮೆನುವಿನಿಂದ ಎರಡೂ ಕಡೆಯ ಫೈಲಿನ ಎಸ್‌ಎಚ್‌ಎ-256 (ಫೈಲಿನ ಬೆರಳಚ್ಚಿನಂಥ ಸಂಕೇತ) ತೆಗೆದು ಹೋಲಿಸಿ.

ತೆಗೆಯುವುದು ಸುಲಭ. ಬಯೋಸ್‌ನಲ್ಲಿ ‘ಲೋಡ್ ಆಪ್ಟಿಮೈಸ್ಡ್ ಡಿಫಾಲ್ಟ್ಸ್’ ಕೊಟ್ಟು ಸೇವ್ ಮಾಡಿ. ಪರದೆಯೇ ಬರದಿದ್ದರೆ ಕರೆಂಟಿನ ವೈರ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ, ಸಿಆರ್2032 ಬ್ಯಾಟರಿಯನ್ನು ಐದು ನಿಮಿಷ ಹೊರಗಿಡಿ.

ಆ ಮೇಲೆ ಮಾಡಬೇಕಾದದ್ದು ಓವರ್‌ಕ್ಲಾಕ್‌ಗೆ ತಿರುಗುಮುರುಗು. ವೋಲ್ಟೇಜ್ ಆಟೋದಲ್ಲಿಯೇ ಇರಲಿ. ನೆಗೆಟಿವ್ ಆಫ್‌ಸೆಟ್ ಕೊಟ್ಟು ಆ ಆಟೋ ವೋಲ್ಟೇಜಿನಿಂದ 0.025 ವೋಲ್ಟಿನಷ್ಟು ಇಳಿಸಿ, ಪರೀಕ್ಷಿಸಿ, ಬೇಕಾದರೆ ಇನ್ನೊಂದು 0.025. ಇಲ್ಲಿ ಬಹಳ ಮಂದಿ ಮೋಸಹೋಗುತ್ತಾರೆ: ಅತಿಯಾಗಿ ಇಳಿಸಿದರೆ ಪರದೆಯ ಮೇಲೆ ಗಿಗಾಹರ್ಟ್ಸ್ ಮೊದಲಿನಷ್ಟೇ ಕಾಣುತ್ತದೆ, ಆದರೆ ಪ್ರೊಸೆಸರ್ ತನ್ನ ಗಡಿಯಾರವನ್ನು ಒಳಗೇ ಹಿಗ್ಗಿಸಿಕೊಂಡು ನಿಧಾನವಾಗಿರುತ್ತದೆ. ಅದಕ್ಕೇ ಸಿನಿಬೆಂಚ್ ಸ್ಕೋರ್ ನೋಡಿ, ಗಿಗಾಹರ್ಟ್ಸ್ ನೋಡಬೇಡಿ. ಸ್ಕೋರ್ ಇಳಿದರೆ ಒಂದು ಹೆಜ್ಜೆ ಹಿಂದಕ್ಕೆ ಬನ್ನಿ. ಕೋಣೆ ತೀರಾ ಬಿಸಿಯಾಗಿದ್ದರೆ ಪಿಪಿಟಿಯನ್ನು 70ಕ್ಕೆ ಇಳಿಸಬಹುದು.

ನಿಜವಾದ ವೇಗ ಬೇಕಿದ್ದವರು ರ‍್ಯಾಮ್ ಕಡೆ ನೋಡಿ. 3200ರ ಡಿಡಿಆರ್4 ಹಾಕಿಸಿಕೊಂಡು ಬಯೋಸ್‌ನಲ್ಲಿ ಎಕ್ಸ್‌ಎಂಪಿ (ರ‍್ಯಾಮನ್ನು ಅದರ ಪೂರ್ತಿ ವೇಗಕ್ಕೆ ಏರಿಸುವ ಸೆಟ್ಟಿಂಗ್) ಆನ್ ಮಾಡದೆ 2400 ಅಥವಾ 2666ರಲ್ಲಿ ಓಡಿಸುವ ಕಂಪ್ಯೂಟರುಗಳು ಎಷ್ಟೋ ಇವೆ. ರೈಜೆನ್ 5 3600 ಪ್ರೊಸೆಸರಿಗೆ 3200 ಅಧಿಕೃತ ರ‍್ಯಾಮ್ ವೇಗವೇ. ಶಾಖವೂ ಹೆಚ್ಚು ಏರುವುದಿಲ್ಲ.

ಪರೀಕ್ಷೆಯನ್ನು ಮೇ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ, ಕ್ಯಾಬಿನೆಟ್ ಮುಚ್ಚಿ, ಕನಿಷ್ಠ ಅರ್ಧ ಗಂಟೆ ಮಾಡಿ. ಪಕ್ಕದ ಬಾಗಿಲು ತೆಗೆದು ಟೇಬಲ್ ಫ್ಯಾನ್ ಹಚ್ಚಿ ತೋರಿಸುವ ಉಷ್ಣಾಂಶಕ್ಕೆ ಬೆಲೆ ಇಲ್ಲ. 85 ದಾಟಬಾರದು. ಫ್ಯಾನ್ 70 ಡಿಗ್ರಿಗೇ ಪೂರ್ತಿ ತಿರುಗುವಂತೆ ಇಡಿ. ಎರಿ ಮಣ್ಣಿನ ಧೂಳು ಮತ್ತು ಹತ್ತಿಯ ಎಳೆ ಫ್ಯಾನಿನ ಕೆಳಗೆ, ರೆಕ್ಕೆಗಳ ಸಂದಿಯಲ್ಲಿ ಕೂರುತ್ತವೆ, ಮೇಲಿನಿಂದ ಕಾಣುವುದಿಲ್ಲ. ಬ್ಲೋವರ್ ಹಿಡಿಯುವಾಗ ಫ್ಯಾನನ್ನು ಬೆರಳಿನಿಂದ ತಡೆದಿರಿ.

ಇಂಟೆಲ್‌ನವರಿಗೆ ಈ ಮಾತು ಬಹುಪಾಲು ಅನ್ವಯಿಸದು: ಕೂಲರ್ ಜೊತೆ ಬರುವ ಪ್ರೊಸೆಸರುಗಳು ಸಾಮಾನ್ಯವಾಗಿ ಓವರ್‌ಕ್ಲಾಕ್ ಆಗದಂತೆ ಲಾಕ್ ಆಗಿರುತ್ತವೆ, ಲಾಕ್ ಇಲ್ಲದ ಕೆ ಮಾದರಿಗಳಿಗೆ 2015ರಿಂದೀಚೆ ಕೂಲರ್ ಸಾಮಾನ್ಯವಾಗಿ ಬರುವುದಿಲ್ಲ. ಎಎಂಡಿ ವಾರಂಟಿಯಂತೂ ಓವರ್‌ಕ್ಲಾಕ್‌ನಿಂದಾದ ಹಾನಿಗೆ ಸಿಗುವುದಿಲ್ಲ.

ವಿಜಯಪುರದ ಆ ಪ್ರೊಸೆಸರ್ ಕಡೆಗೆ ಸತ್ತದ್ದು ಶಾಖದಿಂದಲ್ಲ, ಕೂಲರ್ ಬಿಚ್ಚುವಾಗ. ತಿಂಗಳುಗಟ್ಟಲೆ ಕಾದು ಕೂಲರ್ ಮತ್ತು ಪ್ರೊಸೆಸರ್ ನಡುವಿನ ಪೇಸ್ಟ್ ಒಣಗಿ ಅಂಟಿಕೊಂಡಿತ್ತು; ತಣ್ಣಗಿದ್ದಾಗ ನೇರ ಮೇಲಕ್ಕೆ ಎಳೆದರು, ಲಿವರ್ ಹಾಕಿದ್ದರೂ ಪ್ರೊಸೆಸರ್ ಸಾಕೆಟ್‌ನಿಂದ ಕಿತ್ತುಬಂತು, ಪಿನ್ನುಗಳು ಮುರಿದವು. ಎಎಂ4ನಲ್ಲಿ (ಈ ಪ್ರೊಸೆಸರ್ ಕೂರುವ ಸಾಕೆಟ್) ಕೂಲರ್ ತೆಗೆಯುವ ಮುಂಚೆ ಹತ್ತು ನಿಮಿಷ ಲೋಡ್ ಕೊಟ್ಟು ಬಿಸಿ ಮಾಡಿ, ಕರೆಂಟ್ ತೆಗೆದು, ನಾಲ್ಕೂ ಸ್ಕ್ರೂಗಳನ್ನು ಕರ್ಣಕ್ಕೆ ಸ್ವಲ್ಪ ಸ್ವಲ್ಪ ಸಡಿಲಿಸಿ, ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸಿ ಅಂಟು ಬಿಟ್ಟ ಮೇಲಷ್ಟೇ ಎತ್ತಿ.