ಕಂಕನಾಡಿಯ ಅಂತ್ಯಕ್ರಿಯೆ ಸೇವೆ: ಪೆಟ್ಟಿಗೆಗೆ ಪೂರ್ಣ ಅಂಕ, ಕಾರ್ಡಿನ ಸಾಲಿಗೆ ಇಲ್ಲ

ಶವಪೆಟ್ಟಿಗೆ, ಫ್ರೀಜರ್, ವಾಹನ, ಶಿಲುಬೆ, ಸ್ಮರಣೆಯ ಕಾರ್ಡು ಎಲ್ಲವನ್ನೂ ಒಂದೇ ಕಡೆ ಕೊಡುವ ಮಂಗಳೂರಿನ ಕಂಕನಾಡಿ ಆಸುಪಾಸಿನ ಅಂಗಡಿಯೊಂದರ ಸೇವೆಯ ಬಗ್ಗೆ ಈ ಬರಹ. ಅಂಗಡಿಯ ಹೆಸರು ಹಾಕುತ್ತಿಲ್ಲ. ಇಲ್ಲಿ ಎತ್ತುವ ಮುಖ್ಯ ಆಕ್ಷೇಪ ಅವರೊಬ್ಬರಿಗೇ ಸೇರಿದ್ದಲ್ಲ, ಬೇರೆ ಕಡೆ ಅಚ್ಚಾಗಿ ಬರುವ ಕಾರ್ಡುಗಳಲ್ಲೂ ಅದೇ ಸಾಲುಗಳು ಕಾಣುತ್ತವೆ.

ಮೊದಲು ಪೆಟ್ಟಿಗೆ. ಕೆಲಸ ಅಚ್ಚುಕಟ್ಟು. ಹಲಸು ಅಥವಾ ಮಾವಿನ ಹಲಗೆಯದು ಒಂದು ಬಗೆ, ಪ್ಲೈವುಡ್ ಮೇಲೆ ಲ್ಯಾಮಿನೇಟ್ ಅಂಟಿಸಿದ್ದು ಇನ್ನೊಂದು. ಪ್ಲೈವುಡ್ಡಿನದು ನೋಡಲು ಮಿಂಚುತ್ತದೆ, ಆದರೆ ಅದೇ ಗುಂಡಿಯನ್ನು ಕೆಲವು ವರ್ಷಗಳ ನಂತರ ಮತ್ತೆ ತೆರೆಯುವ ಸ್ಮಶಾನಗಳಿಗೆ ಅದು ಹೇಳಿಸಿದ್ದಲ್ಲ. ಲ್ಯಾಮಿನೇಟ್, ಪ್ಲಾಸ್ಟಿಕ್ ಹಿಡಿಕೆ, ಪಾಲಿಯೆಸ್ಟರ್ ಒಳಬಟ್ಟೆ ಮಣ್ಣಾಗುವುದಿಲ್ಲ. ಬರೇ ಹಲಗೆ, ಹತ್ತಿಬಟ್ಟೆ ಸಾಕು. ಅಳತೆ ಹೇಳುವಾಗ ದೇಹದ ಉದ್ದಕ್ಕೆ ಮೂರು ಇಂಚು ಸೇರಿಸಿ. ಅಗಲವನ್ನು ಭುಜದಲ್ಲಿ ನೋಡಿದರೆ ಸಾಲದು, ಕೈ ಮಡಚಿ ಎದೆಯ ಮೇಲಿಟ್ಟಾಗ ಮೊಣಕೈಯಿಂದ ಮೊಣಕೈಗೆ ಎಷ್ಟೆಂದು ನೋಡಿ. ಗುಂಡಿ ತೆಗೆಯುವವರಿಗೆ ಕೊಡಬೇಕಾದದ್ದು ಹಿಡಿಕೆ ಸೇರಿದ ಹೊರ ಅಳತೆ. ಒಳ ಅಳತೆ ಕೊಟ್ಟರೆ ಇಳಿಸುವಾಗ ಹಿಡಿಕೆ ಮುರಕಲ್ಲಿನ ಗೋಡೆಗೆ ಸಿಕ್ಕಿ ಪೆಟ್ಟಿಗೆ ವಾಲುತ್ತದೆ, ಮನೆಯವರ ಕಣ್ಣೆದುರೇ. ಉಡುಪಿಯ ಕಡಲ ಬದಿಯ ಮರಳು ನೆಲದಲ್ಲಿ ತೊಂದರೆ ಬೇರೆ, ಅಂಚು ಕುಸಿಯುತ್ತದೆ. ಅಲ್ಲಿ ಎರಡೂ ಬದಿಗೆ ಹಲಗೆ ಹಾಸಿ ನಿಲ್ಲಬೇಕು.

ಫ್ರೀಜರ್ ಪೆಟ್ಟಿಗೆಯನ್ನು ದೇಹ ಇಡುವುದಕ್ಕೆ ಮೊದಲೇ ಓಡಿಸಿ ತಣ್ಣಗಾಗಿಸಬೇಕು. ಫ್ಯಾನು, ಲೈಟು ಸಿಕ್ಕಿಸಿದ ಎಕ್ಸ್‌ಟೆನ್ಷನ್ ಬೋರ್ಡಿಗೆ ಇದನ್ನೂ ಸೇರಿಸದೆ ನೇರ ಗೋಡೆಯ ಪ್ಲಗ್ಗಿಗೆ ಕೊಡಿ. ಬಿಸಿಗಾಳಿ ಹೊರಡುವ ಬದಿ ಗೋಡೆಯಿಂದ ಒಂದು ಅಡಿ ದೂರವಿರಲಿ. ಬಂದವರೆಲ್ಲ ಮುಚ್ಚಳ ತೆರೆಯುತ್ತ ಹೋದರೆ ನಮ್ಮ ಕರಾವಳಿಯ ತೇವಕ್ಕೆ ಗಾಜು ಮಂಜುಗಟ್ಟಿ ಮುಖವೇ ಕಾಣುವುದಿಲ್ಲ. ಮಳೆಗಾಲದಲ್ಲಿ ಜನರೇಟರ್ ಬೇಕೆಂದು ಮೊದಲೇ ಹೇಳಿ, ಅದರ ಲೆಕ್ಕ ಬೇರೆ. ಕಾಗದಪತ್ರದಲ್ಲಿ ಅಂಗಡಿಯವರ ತಿಳಿವಳಿಕೆ ನಂಬಬಹುದಾದದ್ದು: ಆಸ್ಪತ್ರೆಯಲ್ಲಿ ತೀರಿಕೊಂಡರೆ ಸಾವಿನ ಕಾರಣದ ನಮೂನೆ 4, ಮನೆಯಲ್ಲಾದರೆ ವೈದ್ಯರು ಕೊಡುವ 4ಎ, ನೋಂದಣಿ 21 ದಿನದೊಳಗೆ. ಗಲ್ಫಿನಿಂದ ಮಕ್ಕಳು ಬರುವ ತನಕ ಕಾಯುವ ಮನೆಗಳಿಗೆ ಇಂಥ ಮಾರ್ಗದರ್ಶನ ದೊಡ್ಡ ಆಸರೆ.

ಇನ್ನು ಕಾರ್ಡು. ಇಡೀ ಸೇವೆಯಲ್ಲಿ ಸೋಲುವುದು ಇದೊಂದೇ, ಮನೆಯಲ್ಲಿ ವರ್ಷಗಟ್ಟಲೆ ಉಳಿಯುವುದೂ ಇದೊಂದೇ.

ಆರ್ಡರ್ ಕೊಡುವಾಗ ಒಂದು ಮಾದರಿ ಹಾಳೆ ಮುಂದಿಡುತ್ತಾರೆ. ಮೊದಲ ಸಾಲು ‘ದೇವರ ಚಿತ್ತದಂತೆ ನಮ್ಮನ್ನಗಲಿದ’ ಎಂದು ಶುರುವಾಗುತ್ತದೆ. ಎರಡನೆಯದು ಬೈಬಲಿನ ಯೋಬನ ಗ್ರಂಥದ 1:21, ಕೊಟ್ಟವನೂ ತೆಗೆದುಕೊಂಡವನೂ ದೇವರೇ ಎಂಬ ಮಾತು. ಮೂರನೆಯದು ದೇವರು ತನ್ನ ತೋಟಕ್ಕೆ ಚೆಂದದ ಹೂವೊಂದನ್ನು ಕಿತ್ತುಕೊಂಡ ಎನ್ನುವ ಪದ್ಯದ ಸಾಲು. ಮನೆಯವರು ಏನೂ ಹೇಳದಿದ್ದರೆ ಮೊದಲನೆಯದೇ ಅಚ್ಚಾಗುತ್ತದೆ. ತೊಂಬತ್ತು ದಾಟಿ ನಿದ್ದೆಯಲ್ಲೇ ಹೋದ ಅಜ್ಜಿಗೂ, ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕ ಇಪ್ಪತ್ತರ ಹುಡುಗನಿಗೂ, ಹುಟ್ಟಿದ ವಾರದಲ್ಲೇ ತೀರಿಕೊಂಡ ಮಗುವಿಗೂ ಅದೇ ಸಾಲು. ಸತ್ತದ್ದು ಹೇಗೇ ಇರಲಿ, ಸಾಯಿಸಿದ್ದು ದೇವರು ಎಂದು ಕ್ರೈಸ್ತ ಸಭೆ ಹೇಳುತ್ತದೆಂದು ಓದಿದವರಿಗೆ ಅನ್ನಿಸುತ್ತದೆ. ಸಭೆಯ ಬೋಧನೆ ಅಷ್ಟು ಸರಳವಾಗಿ ಎಂದೂ ಇರಲಿಲ್ಲ.

ಕಥೋಲಿಕರದನ್ನೇ ತೆಗೆದುಕೊಳ್ಳಿ, ಈ ಅಂಗಡಿಗೆ ಬರುವವರಲ್ಲಿ ಹೆಚ್ಚಿನವರು ಅವರೇ. ಸಭೆಯ ಅಧಿಕೃತ ಬೋಧನೆಯನ್ನು ಒಟ್ಟುಗೂಡಿಸಿದ 1992ರ ಕಥೋಲಿಕ ಧರ್ಮೋಪದೇಶದ 1008ನೆಯ ಕಂಡಿಕೆ ಮರಣವು ಸೃಷ್ಟಿಕರ್ತನ ಯೋಜನೆಗೆ ವಿರುದ್ಧವಾದದ್ದು, ಪಾಪದ ಫಲವಾಗಿ ಲೋಕಕ್ಕೆ ಬಂದದ್ದು ಎನ್ನುತ್ತದೆ. ಇದು ಹೊಸ ಮಾತಲ್ಲ. ಪಾಪ ಮಾಡಿರಲಿ ಬಿಡಲಿ ಆದಾಮನು ಸಾಯಲೆಂದೇ ಸೃಷ್ಟಿಯಾದವನು ಎನ್ನುವವರನ್ನು 418ರಲ್ಲಿ ಉತ್ತರ ಆಫ್ರಿಕದ ಕಾರ್ತೇಜಿನಲ್ಲಿ ಸೇರಿದ ಬಿಷಪರ ಸಭೆ ಖಂಡಿಸಿತ್ತು. ಬುನಾದಿ ಇನ್ನೂ ಹಳೆಯದು: ಸೊಲೊಮೋನನ ಜ್ಞಾನಗ್ರಂಥ 1:13 ದೇವರು ಮರಣವನ್ನು ಉಂಟುಮಾಡಲಿಲ್ಲ ಎಂದು ನೇರವಾಗಿ ಹೇಳುತ್ತದೆ. ಹಾಗಾದರೆ ಮರಣ ದೇವರ ಕೈಮೀರಿದ್ದೇ? ಅದೂ ಅಲ್ಲ. ದೇವರು ಕೆಡುಕನ್ನು ಬಯಸುವುದಿಲ್ಲ, ಆಗಗೊಡುತ್ತಾನೆ, ಆದದ್ದರಿಂದಲೂ ಒಳಿತನ್ನು ಹೊರಡಿಸುತ್ತಾನೆ ಎಂಬುದು ಕಥೋಲಿಕ ನಿಲುವು. ಬಯಸುವುದಕ್ಕೂ ಆಗಗೊಡುವುದಕ್ಕೂ ಇರುವ ಈ ಅಂತರವನ್ನೇ ಮಾದರಿ ಹಾಳೆಯ ಮೊದಲ ಸಾಲು ಅಳಿಸಿಹಾಕುತ್ತದೆ.

ಬಲ್ಮಠದ ಕಡೆಯ ಪ್ರೊಟೆಸ್ಟಂಟರ ಲೆಕ್ಕ ಸ್ವಲ್ಪ ಬೇರೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನಿಗೆ ಪ್ರೊಟೆಸ್ಟಂಟರ ಎರಡು ಕವಲುಗಳಾದ ಲೂಥರನ್ ಬೇರೂ ಇತ್ತು, ರಿಫಾರ್ಮ್ಡ್ ಬೇರೂ ಇತ್ತು, ಇಂದಿನ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಚರ್ಚುಗಳು ಅದರ ವಾರಸುದಾರರು. ರಿಫಾರ್ಮ್ಡ್ ಪರಂಪರೆಗೆ ಅಡಿಪಾಯ ಹಾಕಿದ ಹದಿನಾರನೆಯ ಶತಮಾನದ ಕ್ಯಾಲ್ವಿನ್ ‘ಬರೀ ಅನುಮತಿ’ ಎಂಬ ವಿವರಣೆಯನ್ನು ಒಪ್ಪಲಿಲ್ಲ. ಯಾವುದೂ ದೇವರ ಸಂಕಲ್ಪದ ಹೊರಗೆ ನಡೆಯುವುದಿಲ್ಲ ಎಂಬುದು ಅವನ ಪಟ್ಟು. ಈ ಪರಂಪರೆಯ ಬೋಧನಾ ಪುಸ್ತಕವಾದ 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರದ ಮೊದಲ ಉತ್ತರದಲ್ಲೇ ತಂದೆಯ ಚಿತ್ತವಿಲ್ಲದೆ ತಲೆಯ ಒಂದು ಕೂದಲೂ ಉದುರದು ಎಂಬ ಮಾತಿದೆ. ಈ ಪರಂಪರೆಯ ಕುಟುಂಬ ಮೊದಲ ಸಾಲನ್ನು ತಾನಾಗಿ ಆರಿಸಿಕೊಂಡರೆ ಅದಕ್ಕೊಂದು ಅರ್ಥವಿದೆ. ಆದರೆ ಅದೇ ಉತ್ತರ ಶುರುವಾಗುವುದು ಬದುಕಿನಲ್ಲೂ ಸಾವಿನಲ್ಲೂ ನಾನು ಕ್ರಿಸ್ತನಿಗೆ ಸೇರಿದವನು ಎಂಬ ನೆಮ್ಮದಿಯಿಂದ. ಕೂದಲಿನ ಮಾತು ಬರುವುದು ಆ ನೆಮ್ಮದಿಯ ಮಡಿಲಲ್ಲಿ. ಆ ನೆಮ್ಮದಿಯನ್ನು ಬಿಟ್ಟು ಸಂಕಲ್ಪವನ್ನಷ್ಟೇ ಕಾರ್ಡಿಗೆ ಹಾಕಿದರೆ ಉಳಿಯುವುದು ಹಣೆಬರಹ, ಕ್ರೈಸ್ತ ವಿಶ್ವಾಸವಲ್ಲ.

ಬ್ರಹ್ಮಾವರದ ಆರ್ಥೊಡಾಕ್ಸ್ ಸಮುದಾಯದವರು ಪಾಲಿಸುವ ಪೌರ್ವಾತ್ಯ ಪರಂಪರೆಯಲ್ಲಿ ಒತ್ತು ಇನ್ನೊಂದೆಡೆ: ಮರಣ ಶತ್ರು, ಕ್ರಿಸ್ತನು ಅದನ್ನು ತುಳಿದು ಗೆದ್ದನು. ಎರಡನೆಯ ಶತಮಾನದ ಬಿಷಪ್ ಇರೆನೇಯುಸ್ ಇದಕ್ಕೆ ಒಂದು ಸೂಕ್ಷ್ಮ ಸೇರಿಸಿದ್ದಾರೆ. ಪಾಪಿಯಾದ ಮನುಷ್ಯ ಕೆಡುಕಿನಲ್ಲೇ ಕೊನೆಯಿಲ್ಲದೆ ಉಳಿಯಬಾರದೆಂದು ದೇವರು ಕರುಣೆಯಿಂದ ಮರಣಕ್ಕೆ ಎಡೆಕೊಟ್ಟ ಎನ್ನುತ್ತಾರೆ. ಶತ್ರುವೂ ಹೌದು, ಪಾಪಕ್ಕೆ ಹಾಕಿದ ತಡೆಯೂ ಹೌದು. ಅಪೊಸ್ತಲ ಪೌಲನೂ ಮರಣವನ್ನು ಕಡೆಯ ಶತ್ರು ಎಂದೇ ಕರೆಯುತ್ತಾನೆ (1 ಕೊರಿಂಥ 15:26). ತನ್ನ ಗೆಳೆಯ ಲಾಜರನ ಸಮಾಧಿಯ ಮುಂದೆ ಯೇಸು ಕಣ್ಣೀರು ಹಾಕಿದ್ದನ್ನೂ ಮರೆಯಬಾರದು. ತಂದೆ ಬಯಸಿದ್ದೇ ಆಯಿತು ಎಂಬಷ್ಟೇ ಆಗಿದ್ದರೆ ಆ ಕಣ್ಣೀರಿಗೆ ಜಾಗವಿರುತ್ತಿರಲಿಲ್ಲ.

ಯೋಬನ ಸಾಲಿನ ಬಗ್ಗೆ ಎಚ್ಚರ ಹೆಚ್ಚು ಬೇಕು, ತಾವಾಗಿ ಆರಿಸುವವರಲ್ಲಿ ಅತಿ ಹೆಚ್ಚು ಬಿಕರಿಯಾಗುವುದು ಅದೇ. ಆ ಮಾತನ್ನಾಡಿದ್ದು ಮಕ್ಕಳನ್ನು ಕಳೆದುಕೊಂಡ ತಂದೆ, ತನಗಾಗಿ. ಪರದೆಯ ಹಿಂದೆ ಸೈತಾನನ ಕೈಯಿದ್ದದ್ದು ಅವನಿಗೆ ಗೊತ್ತಿಲ್ಲ, ಓದುವ ನಮಗೆ ಗೊತ್ತಿದೆ. ಸಮಾಧಾನ ಹೇಳಲು ಬಂದ ಗೆಳೆಯರು ಏಳು ದಿನ ಸುಮ್ಮನೆ ಕೂತಿದ್ದಾಗ ಸರಿಯಾಗೇ ಇದ್ದರು. ಬಾಯಿ ತೆರೆದು ದೇವರ ಪರವಾಗಿ ಕಾರಣ ಕೊಡಲು ತೊಡಗಿದಾಗ ಕೆಟ್ಟಿತು. ಕೊನೆಗೆ ದೇವರು ಅವರಿಗೆ, ನನ್ನ ವಿಷಯದಲ್ಲಿ ನೀವು ಸರಿಯಾಗಿ ಮಾತನಾಡಲಿಲ್ಲ ಎನ್ನುತ್ತಾನೆ (42:7). ಹಾಗಾಗಿ ಈ ವಚನವನ್ನು ದುಃಖದಲ್ಲಿರುವವರು ತಾವೇ ಕೇಳಿದರೆ ಹಾಕಬೇಕು. ಅಂಗಡಿಯವರಾಗಲಿ, ಚರ್ಚ್ ವಾರ್ಡಿನ ಮುಖ್ಯಸ್ಥರಾದ ಗುರಿಕಾರರಾಗಲಿ, ದೂರದ ನೆಂಟರಾಗಲಿ ಸೂಚಿಸಬಾರದು.

ಹೂವು ಕಿತ್ತ ಸಾಲನ್ನಂತೂ ಹಾಳೆಯಿಂದಲೇ ತೆಗೆದುಹಾಕುವುದು ಒಳ್ಳೆಯದು. ಅದಕ್ಕೆ ಬೈಬಲಿನ ಆಧಾರವಿಲ್ಲ. ಮಗು ತೀರಿಕೊಂಡ ಮನೆಯಲ್ಲಿ ಆ ಕಾರ್ಡನ್ನು ಓದುವ ಮಗುವಿನ ಅಕ್ಕನೋ ಅಣ್ಣನೋ ಮುಂದಿನ ಸರದಿ ತನ್ನದೇ ಎಂದು ಹೆದರುವುದುಂಟು.

ಹಾಳೆಯಲ್ಲಿ ಬದಲಿಗೆ ಏನಿರಬೇಕು? ಒಂದೇ ಸಾಲು ಎಲ್ಲರಿಗೂ ಹೊಂದುವುದಿಲ್ಲ. ತುಂಬು ಬಾಳು ಬಾಳಿದವರಿಗೆ ಸಿಮೆಯೋನನ ಪ್ರಾರ್ಥನೆ (ಲೂಕ 2:29), ನಿನ್ನ ದಾಸನನ್ನು ಸಮಾಧಾನದಿಂದ ಕಳುಹಿಸಿಕೊಡು ಎಂಬುದು, ಹೇಳಿಮಾಡಿಸಿದಂತಿದೆ. ಇಂಥವರ ವಿಷಯದಲ್ಲಿ ‘ದೇವರ ಚಿತ್ತ’ ಎಂದರೂ ಯಾರ ಎದೆಗೂ ಚುಚ್ಚದು.

ಅಪಘಾತಕ್ಕೆ ಕೀರ್ತನೆ 139:16 ಬೇಡ. ದಿನಗಳೆಲ್ಲ ಮೊದಲೇ ಬರೆದಿದ್ದವು ಎಂಬ ಆ ವಚನ ಕುಡಿದು ಗಾಡಿ ಓಡಿಸಿದವನ ತಪ್ಪನ್ನು ದೇವರ ಮೇಲೆ ಹೊರಿಸಿದಂತೆ ಕೇಳಿಸುತ್ತದೆ. 2010ರ ಮೇ 22ರಂದು ಬಜ್ಪೆಯ ಮಂಗಳೂರು ವಿಮಾನ ನಿಲ್ದಾಣದಲ್ಲಿ ವಿಮಾನ ಕಮರಿಗೆ ಬಿದ್ದು 158 ಮಂದಿ ತೀರಿಕೊಂಡರು, 8 ಮಂದಿ ಉಳಿದರು. ಉಳಿದದ್ದು ದೇವರ ಚಿತ್ತ ಎಂದು ಹೇಳುವ ಬಾಯಿ ಆ 158 ಮನೆಗಳ ಮುಂದೆ ಏನು ಹೇಳಬೇಕು? ಸಿಲೋವದ ಗೋಪುರ ಬಿದ್ದು ಸತ್ತ 18 ಮಂದಿಯ ವಿಷಯದಲ್ಲಿ ಯೇಸು ಕೊಟ್ಟ ಉತ್ತರ ಗಮನಿಸಬೇಕು (ಲೂಕ 13:4). ಅವರು ಉಳಿದವರಿಗಿಂತ ಹೆಚ್ಚು ಪಾಪಿಗಳಾಗಿರಲಿಲ್ಲ ಎಂದನು. ಗೋಪುರ ಯಾಕೆ ಬಿತ್ತು ಎಂಬುದಕ್ಕೆ ಕಾರಣ ಹುಡುಕಿಕೊಡಲಿಲ್ಲ. ಕಾರ್ಡೂ ಕಾರಣ ಕೊಡುವುದು ಬೇಡ. ಸಾವಾಗಲಿ ಜೀವವಾಗಲಿ ದೇವರ ಪ್ರೀತಿಯಿಂದ ನಮ್ಮನ್ನು ಅಗಲಿಸಲಾರದು ಎಂಬ ರೋಮ 8:38-39 ಸಾಕು.

ಆತ್ಮಹತ್ಯೆಯಾದ ಮನೆಗೆ ಮೊದಲ ಸಾಲು ಕ್ರೂರ, ಅದು ಸುಳ್ಳು ಕೂಡ. ಇಲ್ಲಿ ಹಳೆಯ ಭಯವೊಂದು ಇನ್ನೂ ಜನರ ಮನಸ್ಸಿನಲ್ಲಿದೆ. ಬುದ್ಧಿಪೂರ್ವಕವಾಗಿ ಪ್ರಾಣ ಕಳೆದುಕೊಂಡವರಿಗೆ 1917ರ ಕಥೋಲಿಕ ಧರ್ಮಸಂಹಿತೆ ಸಭೆಯ ಅಂತ್ಯಕ್ರಿಯೆಯನ್ನು ನಿರಾಕರಿಸಿತ್ತು. 1983ರ ಸಂಹಿತೆಯಲ್ಲಿ ಆ ನಿರ್ಬಂಧ ಇಲ್ಲ. ಧರ್ಮೋಪದೇಶದ 2282 ಮತ್ತು 2283ನೆಯ ಕಂಡಿಕೆಗಳು ಮನೋವ್ಯಾಧಿ, ತೀವ್ರ ಸಂಕಟ ಹೊಣೆಯನ್ನು ಕಡಿಮೆ ಮಾಡುತ್ತವೆಂದೂ ಅವರ ನಿತ್ಯಜೀವದ ಬಗ್ಗೆ ಆಸೆ ಬಿಡಬಾರದೆಂದೂ ಹೇಳುತ್ತವೆ. ಇದನ್ನು ಆರ್ಡರ್ ತೆಗೆದುಕೊಳ್ಳುವವರೂ ತಿಳಿದಿರಬೇಕು, ಏಕೆಂದರೆ ‘ಪೂಜೆ ಸಿಗುತ್ತದಾ’ ಎಂದು ಮನೆಯವರು ಪಿಸುಗುಟ್ಟುವುದು ಇವರ ಹತ್ತಿರವೇ. ಮುರಿದ ಮನಸ್ಸಿನವರಿಗೆ ದೇವರು ಹತ್ತಿರ ಎಂಬ ಕೀರ್ತನೆ 34:18 ಇಲ್ಲಿಗೆ ಸರಿ.

ವೆಂಟಿಲೇಟರ್ ತೆಗೆಸಿದ ಮಕ್ಕಳಿಗೂ ಒಂದು ಮಾತು. ಫಲವಿಲ್ಲದ, ಭಾರವಾದ ಚಿಕಿತ್ಸೆಯನ್ನು ನಿಲ್ಲಿಸುವುದು ಕೊಲ್ಲುವುದಲ್ಲ, ತಡೆಯಲಾಗದ ಮರಣವನ್ನು ಒಪ್ಪಿಕೊಳ್ಳುವುದು ಎಂದು ಧರ್ಮೋಪದೇಶದ 2278ನೆಯ ಕಂಡಿಕೆ ಸ್ಪಷ್ಟವಾಗಿ ಹೇಳುತ್ತದೆ. ಪ್ರಾರ್ಥನೆ ಸಾಲಲಿಲ್ಲ, ವಿಶ್ವಾಸ ಕಮ್ಮಿಯಾಯಿತು ಎಂದು ಕೆಲವು ಸೌಖ್ಯಪ್ರಾರ್ಥನಾ ಕೂಟಗಳಲ್ಲಿ ಕೇಳಿಸಿಕೊಂಡು ಬಂದವರಿಗೆ 2 ತಿಮೊಥೆ 4:20 ತೋರಿಸಿ: ಸಾಕ್ಷಾತ್ ಪೌಲನೇ ತನ್ನ ಜೊತೆಗಾರ ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟುಬಂದ.

ಏನೂ ತೋಚದ ಮನೆಯವರಿಗೆ, ಹಾಳೆಯ ಮೊದಲ ಜಾಗದಲ್ಲಿ ರೋಮ 14:8 ಇರಲಿ: ಬದುಕಿದರೂ ಸತ್ತರೂ ನಾವು ಕರ್ತನವರೇ. ಮರಣಕ್ಕೆ ಕಾರಣ ಯಾರು ಎಂಬ ಪ್ರಶ್ನೆಗೆ ಅದು ಕೈಹಾಕುವುದಿಲ್ಲ, ಸತ್ತವರು ಯಾರಿಗೆ ಸೇರಿದವರು ಎಂಬುದನ್ನು ಹೇಳುತ್ತದೆ. ಕಥೋಲಿಕರು, ಸಿ.ಎಸ್.ಐ.ಯವರು, ಆರ್ಥೊಡಾಕ್ಸರು ಮೂವರೂ ತಕರಾರಿಲ್ಲದೆ ಒಪ್ಪುವ ವಚನ.

ಅಚ್ಚಿನ ಕೆಲಸದಲ್ಲೂ ಕೆಲವು ಎಡವಟ್ಟುಗಳಿವೆ. ಮೊಬೈಲಿನಲ್ಲಿ ಕಳಿಸಿದ ಯೂನಿಕೋಡ್ ಅಕ್ಷರ ಅವರ ಹಳೆಯ ನುಡಿ ಫಾಂಟಿನಲ್ಲಿ ಕೂರುವುದಿಲ್ಲ, ಆದ್ದರಿಂದ ಕೈಯಲ್ಲೇ ಮತ್ತೆ ಟೈಪ್ ಮಾಡುತ್ತಾರೆ. ಒತ್ತಕ್ಷರ ಜಾರುವುದು, ವಚನದ ಅಂಕಿ ಅದಲುಬದಲಾಗುವುದು ಅಲ್ಲೇ. ಕೊಂಕಣಿ ಕಾರ್ಡಿನಲ್ಲಿ ಪದದ ಕೊನೆಯ ಅರ್ಧಾಕ್ಷರ ಬಿಟ್ಟುಹೋಗುತ್ತದೆ. ಕಥೋಲಿಕ ಬೈಬಲಿನಲ್ಲಿ ‘ಸರ್ವೇಶ್ವರ’ ಎಂದಿರುವ ಕಡೆ ಪ್ರೊಟೆಸ್ಟಂಟರು ಓದುವ ಸತ್ಯವೇದದಲ್ಲಿ ‘ಯೆಹೋವ’ ಇರುತ್ತದೆ, ಮನೆಯಲ್ಲಿ ಓದುವ ಪ್ರತಿಯಿಂದಲೇ ನಕಲು ಮಾಡಿಕೊಡಿ. ಜ್ಞಾನಗ್ರಂಥ ಪ್ರೊಟೆಸ್ಟಂಟ್ ಸತ್ಯವೇದದಲ್ಲಿ ಇಲ್ಲ, ಸಿ.ಎಸ್.ಐ. ಮನೆಯ ಕಾರ್ಡಿಗೆ ಅದನ್ನು ಆರಿಸಬೇಡಿ.

ಪೆಟ್ಟಿಗೆ, ವಾಹನ, ಫ್ರೀಜರಿಗೆ ಇವರನ್ನು ಧಾರಾಳವಾಗಿ ಕರೆಯಬಹುದು. ಕಾರ್ಡನ್ನು ಮಾತ್ರ ಮಣ್ಣು ಮಾಡುವ ದಿನದ ಗಡಿಬಿಡಿಯಲ್ಲಿ ಒಪ್ಪಿಸಬೇಡಿ. ಏಳನೆಯ ದಿನದ್ದೋ ತಿಂಗಳಿನದ್ದೋ ಪೂಜೆಗೆ ಹಂಚುವಂಥದ್ದಾದರೆ ಅಷ್ಟು ಅವಸರ ಬೇಕಿಲ್ಲ. ಆರಿಸಿದ ವಚನವನ್ನು ನಿಮ್ಮ ಫಾದರಿಗೋ ಸಭಾಪಾಲಕರಿಗೋ ಒಮ್ಮೆ ತೋರಿಸಿ, ಪ್ರೂಫ್ ಕಾಗದದ ಮೇಲೆ ತೆಗೆಸಿ, ಮನೆಯಲ್ಲಿ ಅತಿ ಹೆಚ್ಚು ನೊಂದವರಿಗೆ ಓದಿ ಹೇಳಿ. ಅವರು ಬೇಡವೆಂದರೆ ಸಾಲು ಬದಲಿಸಲು ಅಂಗಡಿಯವರು ಬೇರೆ ಹಣ ಕೇಳುವುದಿಲ್ಲ.