ವೈಫೈ ಇಲ್ಲದ ಡಿವಿಆರ್‌ಗೆ ಇಂಟರ್ನೆಟ್: ನಾಲ್ಕು ದಾರಿ, ಒಂದು ಮಳೆಗಾಲ

ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮ ಹಳೆ ಮನೆ. ಅಲ್ಲಿ ಅಪ್ಪ, ಅವ್ವ ಇಬ್ಬರೇ ಇರುತ್ತಾರೆ. ನನ್ನ ಕೆಲಸ ಹುಬ್ಬಳ್ಳಿಯಲ್ಲಿ, ವಾರಕ್ಕೊಮ್ಮೆ ಹೋಗಿ ಬರುತ್ತೇನೆ. ಒಮ್ಮೆ ಅವ್ವ ಹಿತ್ತಲಲ್ಲಿ ಜಾರಿ ಬಿದ್ದಳು. ಅರ್ಧ ಗಂಟೆ ಯಾರಿಗೂ ಗೊತ್ತೇ ಆಗಲಿಲ್ಲ. ಅದಾದ ಮೇಲೆ ನಾಲ್ಕು ಸಿಸಿಟಿವಿ ಕ್ಯಾಮೆರಾ ಹಾಕಿಸಿದೆವು. ಹಾಗಾಗಿ ಮನೆಯ ಚಿತ್ರ ನನ್ನ ಮೊಬೈಲ್‌ಗೆ ಬರ್ತಾ ಇರಲೇಬೇಕು.

ತೊಡಕು ಏನಪ್ಪಾ ಅಂದರೆ, ಕ್ಯಾಮೆರಾಗಳ ಕೇಬಲ್ ಎಲ್ಲ ಬಂದು ಸೇರೋದು ಹಿತ್ತಲ ಕೋಣೆಗೆ. ಕ್ಯಾಮೆರಾ ಚಿತ್ರಗಳನ್ನು ರೆಕಾರ್ಡ್ ಮಾಡುವ ಪೆಟ್ಟಿಗೆ, ಅಂದರೆ ಡಿವಿಆರ್, ಅಲ್ಲೇ ಮೂಲೆಯಲ್ಲಿದೆ. ಅದಕ್ಕೆ ವೈಫೈ ಇಲ್ಲ, ಹಿಂಬದಿಯಲ್ಲಿ ನೆಟ್‌ವರ್ಕ್ ಕೇಬಲ್ ಸಿಕ್ಕಿಸುವ ಒಂದು ಲ್ಯಾನ್ ಪೋರ್ಟ್ ಮಾತ್ರ. ರೂಟರ್ ಇರೋದು ಮುಂದಿನ ಪಡಸಾಲೆಯಲ್ಲಿ. ನಡುವೆ ಎರಡಡಿ ದಪ್ಪದ ಮಣ್ಣಿನ ಗೋಡೆ, ಅಡುಗೆಮನೆ, ಆಮೇಲೆ ತೆರೆದ ಅಂಗಳ.

ಮೊದಲು ಅಂಗಳದ ಮೇಲಿಂದ ಕೇಬಲ್ ಎಳೆದಿದ್ದೆವು. ವೇಗದ ಲೆಕ್ಕದಲ್ಲಿ ಇದಕ್ಕೆ ಸಾಟಿ ಇಲ್ಲ. ಲ್ಯಾನ್ ಕೇಬಲ್ 100 ಮೀಟರ್‌ವರೆಗೆ ನಡೆಯುತ್ತದೆ, ನಮ್ಮದು 20 ಮೀಟರೂ ಇರಲಿಲ್ಲ. ತುದಿಗೆ ಕನೆಕ್ಟರ್ ನಾನೇ ಹಾಕಿದ್ದೆ. ಕಿತ್ತಳೆ-ಬಿಳಿ, ಕಿತ್ತಳೆ, ಹಸಿರು-ಬಿಳಿ, ನೀಲಿ ಅಂತ ಎಂಟೂ ತಂತಿ ಸಾಲಾಗಿ ಹಿಡಿದು, ಒಂದೇ ಸಮ ಕತ್ತರಿಸಿ, ಒತ್ತಿದ್ದು. 100 ಎಂಬಿಪಿಎಸ್ ಪೋರ್ಟಿಗೆ ಅದರಲ್ಲಿ 1, 2, 3, 6ನೇ ತಂತಿ ಕೂಡಿದರೆ ಸಾಕು. ಒಂದು ವರ್ಷ ತಕರಾರಿಲ್ಲದೆ ನಡೆಯಿತು. ಕಳೆದ ಏಪ್ರಿಲ್‌ನ ಅಡ್ಡಮಳೆಯಲ್ಲಿ ಹತ್ತಿರದಲ್ಲೇ ಸಿಡಿಲು ಬಡಿಯಿತು. ಮನೆಗೇನೂ ಆಗಲಿಲ್ಲ. ಆದರೆ ರೂಟರಿನ ಲ್ಯಾನ್ ಪೋರ್ಟ್, ಡಿವಿಆರ್‌ನ ಲ್ಯಾನ್ ಪೋರ್ಟ್ ಎರಡೂ ಸತ್ತವು. ಸಿಡಿಲು ನೇರವಾಗಿ ತಂತಿಗೇ ಬಡಿಯಬೇಕು ಅಂತಿಲ್ಲ. ಹತ್ತಿರ ಬಿದ್ದರೂ ಬಯಲಲ್ಲಿರುವ ತಾಮ್ರದ ತಂತಿಯಲ್ಲಿ ಒಮ್ಮೆಲೇ ವೋಲ್ಟೇಜ್ ಏರುತ್ತದೆ. ಎರಡು ತುದಿಯ ಯಂತ್ರಗಳೂ ಅದಕ್ಕೆ ಬಲಿ. ಡಿವಿಆರ್ ಬೋರ್ಡ್ ಬದಲಾಯಿಸಿದ್ದಾಯಿತು. ಅಂಗಳ ದಾಟಿ ತಾಮ್ರ ಎಳೆಯೋದು ಇನ್ನು ಬೇಡ ಅಂತ ಅವತ್ತೇ ತೀರ್ಮಾನ ಮಾಡಿದೆ. ವೈಫೈ ಮೂಲಕ ಏನೇನು ಮಾಡಬಹುದು ಅಂತ ನೋಡತೊಡಗಿದ್ದು ಆಗ.

ಎಲ್ಲರೂ ಮೊದಲು ಹೇಳೋದು ಯುಎಸ್‌ಬಿ ಡಾಂಗಲ್, ಅಂದರೆ ಯುಎಸ್‌ಬಿ ಪೋರ್ಟಿಗೆ ಸಿಕ್ಕಿಸುವ ಪುಟ್ಟ ವೈಫೈ ಕಡ್ಡಿ. ಡೆಸ್ಕ್‌ಟಾಪ್ ಕಂಪ್ಯೂಟರಿಗಾದರೆ ಅದೇ ಸರಿ, ಅಗ್ಗ, ಐದು ನಿಮಿಷದ ಕೆಲಸ. ಆದರೆ ಡಾಂಗಲ್‌ಗೆ ಡ್ರೈವರ್, ಅಂದರೆ ಅದನ್ನು ನಡೆಸುವ ಸಾಫ್ಟ್‌ವೇರ್, ಬೇಕು. ಡಿವಿಆರ್‌ನಲ್ಲಿರುವ ಯುಎಸ್‌ಬಿ ಪೋರ್ಟ್ ಮೌಸ್‌ಗೆ, ಪೆನ್‌ಡ್ರೈವ್‌ಗೆ. ತಯಾರಕರೇ ಹೇಳಿದ ಡಾಂಗಲ್ ಆದರೆ ಕೆಲವು ಮಾಡೆಲ್‌ನಲ್ಲಿ ನಡೆದೀತು. ನಮ್ಮದರಲ್ಲಿ ದೀಪ ಹತ್ತಿತು, ಬೇರೇನೂ ಆಗಲಿಲ್ಲ. ಲ್ಯಾನ್ ಪೋರ್ಟ್ ಮಾತ್ರ ಇರುವ ಪ್ರಿಂಟರ್‌ಗೂ ಇದೇ ಮಾತು.

ಎರಡನೆಯದು ಪವರ್‌ಲೈನ್ ಅಡಾಪ್ಟರ್. ಮನೆಯ ಕರೆಂಟ್ ವೈರಿನಲ್ಲೇ ಇಂಟರ್ನೆಟ್ ಕಳಿಸುವ ಜೋಡಿ ಪೆಟ್ಟಿಗೆ. ಹುಬ್ಬಳ್ಳಿಯ ಗೆಳೆಯನ ಹತ್ತಿರ ಇತ್ತು, ಒಂದು ವಾರಕ್ಕೆ ಇಸಿದುಕೊಂಡು ಬಂದೆ. ನನಗೆ ಇದರ ಮೇಲೆ ತುಂಬಾ ಆಸೆ ಇತ್ತು, ಸುಳ್ಳು ಹೇಳಲಾರೆ. ಪಡಸಾಲೆಯಿಂದ ಅಡುಗೆಮನೆಗೆ ಚೆನ್ನಾಗಿಯೇ ಬಂತು. ಹಿತ್ತಲ ಕೋಣೆಯಲ್ಲಿ ಮಾತ್ರ ಜೋಡಿ ಕೂಡಲೇ ಇಲ್ಲ. ನಮ್ಮದು ಮೂರು ಫೇಸ್ ಮೀಟರ್, ಹಿತ್ತಲಿನ ಲೈನ್ ಬೇರೆ ಫೇಸ್‌ನಲ್ಲಿದೆ. ಫೇಸ್ ಬದಲಾದರೆ ಸಿಗ್ನಲ್ ಸೊರಗಿ ಹೋಗುತ್ತದೆ. ಇನ್ನೂ ಒಂದು ಮಾತು. ಇದನ್ನು ನೇರವಾಗಿ ಗೋಡೆಯ ಸಾಕೆಟ್‌ಗೇ ಹಾಕಬೇಕು. ಸ್ಪೈಕ್ ಗಾರ್ಡ್ ಒಳಗಿನ ಫಿಲ್ಟರ್ ಈ ಸಿಗ್ನಲ್ಲನ್ನೇ ಗದ್ದಲ ಅಂತ ತಿಳಿದು ತಡೆಯುತ್ತದೆ. ಅಡುಗೆಮನೆಯಲ್ಲೂ ಅವ್ವ ಮಿಕ್ಸರ್ ಹಚ್ಚಿದಾಗ ವೇಗ ಕುಸಿಯುತ್ತಿತ್ತು. ಒಂದೇ ಫೇಸ್ ಇರುವ ಸಣ್ಣ ಮನೆ, ಹೊಸ ವೈರಿಂಗ್ ಅಂದರೆ ನೋಡಬಹುದು. ನಮಗೆ ಒಗ್ಗಲಿಲ್ಲ.

ಉಳಿದದ್ದು ಎರಡು: ಲ್ಯಾನ್ ಪೋರ್ಟ್ ಇರುವ ವೈಫೈ ಎಕ್ಸ್‌ಟೆಂಡರ್ (ವೈಫೈ ಹಿಡಿದು ಮುಂದಕ್ಕೆ ಬಿಡುವ ಪೆಟ್ಟಿಗೆ), ಇಲ್ಲವೇ ಮನೆಯಲ್ಲೇ ಬಿದ್ದಿದ್ದ ಹಳೆ ರೂಟರ್. ಎರಡೂ ಪಡಸಾಲೆಯ ವೈಫೈ ಹಿಡಿದು ಕೇಬಲ್ ಮೂಲಕ ಡಿವಿಆರ್‌ಗೆ ಕೊಡಬಲ್ಲವು. ನಿಜವಾದ ಪೈಪೋಟಿ ಇವೆರಡರ ನಡುವೆಯೇ.

ಎಕ್ಸ್‌ಟೆಂಡರ್ ಸುಲಭ. ಸಾಕೆಟ್‌ಗೆ ಸಿಕ್ಕಿಸಿ, ರೂಟರಿನಲ್ಲೂ ಅದರಲ್ಲೂ ಡಬ್ಲ್ಯೂಪಿಎಸ್ ಬಟನ್ (ಪಾಸ್‌ವರ್ಡ್ ಹಾಕದೆ ಕೂಡಿಸುವ ಬಟನ್) ಒತ್ತಿದರೆ ಎರಡು ನಿಮಿಷದಲ್ಲಿ ಕೂಡಿಕೊಂಡಿತು. ಅದರಿಂದ ಡಿವಿಆರ್‌ಗೆ ಗೇಣುದ್ದದ ಕೇಬಲ್. ಮೇ ತಿಂಗಳಲ್ಲಿ ನಾಲ್ಕೂ ಕ್ಯಾಮೆರಾ ಬಂದವು. ಆದರೆ ಅದು ತನ್ನದೂ ಒಂದು ವೈಫೈ ಬಿಡುತ್ತದೆ, ಅದೇ ಹೆಸರಿನಲ್ಲಿ. ಅಪ್ಪನ ಫೋನ್ ಹಿತ್ತಲಿಗೆ ಹೋದಾಗ ಇದಕ್ಕೆ ಅಂಟಿಕೊಂಡು, ಪಡಸಾಲೆಗೆ ಬಂದರೂ ಬಿಡುತ್ತಿರಲಿಲ್ಲ. ಒಂದೇ ರೇಡಿಯೋದಲ್ಲಿ ಕೇಳಿಸಿಕೊಂಡು ಅದರಲ್ಲೇ ತಿರುಗಿ ಹೇಳುವುದರಿಂದ ಆ ಫೋನಿಗೆ ವೇಗ ಅರ್ಧಕ್ಕೆ ಇಳಿಯಿತು. ಆ ವೈಫೈ ಬಂದ್ ಮಾಡಿಬಿಡೋಣ ಅಂದರೆ ನಾನು ತಂದ ಮಾಡೆಲ್‌ನಲ್ಲಿ ಆ ಸೌಲಭ್ಯವೇ ಇಲ್ಲ.

ಇಷ್ಟಾದರೂ ಸಹಿಸಿಕೊಳ್ಳುತ್ತಿದ್ದೆ. ಜುಲೈ ಬಂತು. ಧಾರವಾಡದ ಜಿಟಿಜಿಟಿ ಮಳೆ ಗೊತ್ತಲ್ಲ, ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಮಣ್ಣಿನ ಗೋಡೆ ನೀರು ಕುಡಿದು ತಣ್ಣಗಾಗಿತ್ತು. ಕೈ ಇಟ್ಟರೆ ತೇವ ಹತ್ತುತ್ತಿತ್ತು. ನೀರು ವೈಫೈ ಸಿಗ್ನಲ್ ಹೀರಿಕೊಳ್ಳುತ್ತದೆ. ಮೇನಲ್ಲಿ ಹಾಗೂ ಹೀಗೂ ನಡೆದಿದ್ದ ಎಕ್ಸ್‌ಟೆಂಡರ್ ಈಗ ದಿನಕ್ಕೆ ಹತ್ತು ಸಲ ಕಡಿದು ಹೋಗತೊಡಗಿತು. ಬೇಸಿಗೆಯಲ್ಲಿ ಪರೀಕ್ಷೆ ಮಾಡಿ ಪಾಸಾಯಿತು ಅಂದುಕೊಂಡದ್ದು ನನ್ನ ತಪ್ಪು.

ಮೊಬೈಲ್‌ನಲ್ಲಿ ಸಿಗ್ನಲ್ ಅಳೆಯುವ ಆ್ಯಪ್ ಹಾಕಿಕೊಂಡು ಕೋಣೆಯಲ್ಲಿ ಓಡಾಡಿದೆ. ಎಕ್ಸ್‌ಟೆಂಡರ್ ಇದ್ದ ಸಾಕೆಟ್ ಕಬ್ಬಿಣದ ಅಲಮಾರಿನ ಹಿಂದೆ, ನೆಲದಿಂದ ಒಂದಡಿ ಮೇಲೆ. ಅಲ್ಲಿ ಮೈನಸ್ 82 ಡಿಬಿಎಂ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟು ಬಲ ಹೆಚ್ಚು). ಅಂಗಳದ ಕಡೆಯ ಕಿಟಕಿಯ ಮೇಲೆ, ತಲೆಗಿಂತ ಎತ್ತರದಲ್ಲಿ ಮೈನಸ್ 66. ಮೂರು ಡಿಬಿ ಹೆಚ್ಚಿದರೆ ಶಕ್ತಿ ದುಪ್ಪಟ್ಟು ಅಂತ ಲೆಕ್ಕ. ಇಲ್ಲಿ 16 ಡಿಬಿ ಅಂತರ, ಅಂದರೆ ಸುಮಾರು 40 ಪಟ್ಟು. ಅದೇ ಕೋಣೆ, ನಾಲ್ಕು ಮೀಟರ್ ದೂರ, ಅಷ್ಟೇ! ಎಕ್ಸ್‌ಟೆಂಡರನ್ನು ಎಲೆಕ್ಟ್ರಿಷಿಯನ್ ಸಾಕೆಟ್ ಇಟ್ಟ ಕಡೆಯೇ ಇಡಬೇಕು. ಹಳೆ ರೂಟರನ್ನು ಎಲ್ಲಿ ಬೇಕಾದರೂ ಮೊಳೆ ಹೊಡೆದು ತೂಗುಹಾಕಬಹುದು. ನನ್ನ ಮಟ್ಟಿಗೆ ಹಳೆ ರೂಟರ್ ಗೆದ್ದದ್ದು ಇಲ್ಲಿಯೇ.

ಸೆಟ್ಟಿಂಗ್ ಮಾಡೋದು ಮಾತ್ರ ಜಾಸ್ತಿ ಕೆಲಸ. ಮೆನುವಿನಲ್ಲಿ ಕ್ಲೈಂಟ್ ಮೋಡ್ ಅಥವಾ ಬ್ರಿಡ್ಜ್ ಅಂತ ಇರಬೇಕು, ರೂಟರ್ ಬೇರೊಂದರ ವೈಫೈ ಹಿಡಿದು ಲ್ಯಾನ್ ಪೋರ್ಟಿಗೆ ಕೊಡೋದು ಅದರಿಂದಲೇ. ಇಂಟರ್ನೆಟ್ ಕಂಪನಿ ಕೊಡುವ ಪೆಟ್ಟಿಗೆಗಳಲ್ಲಿ ಎಷ್ಟೋ ಸಲ ಅದು ಇರುವುದಿಲ್ಲ, ಮೊದಲೇ ನೋಡಿಕೊಳ್ಳಿ. ಎರಡೂ ರೂಟರಿನ ವಿಳಾಸ 192.168.1.1 ಇತ್ತು, ಹಳೆಯದನ್ನು 192.168.1.2 ಮಾಡಿದೆ. ಅದರ ಡಿಎಚ್‌ಸಿಪಿ, ಅಂದರೆ ಯಂತ್ರಗಳಿಗೆ ವಿಳಾಸ ಹಂಚುವ ಕೆಲಸ, ಬಂದ್ ಮಾಡಿದೆ. ಮೊದಲು ಗೊತ್ತಿಲ್ಲದೆ ಡಬ್ಲ್ಯೂಐಎಸ್‌ಪಿ ಮೋಡ್ ಇಟ್ಟಿದ್ದೆ. ಅದರಲ್ಲಿ ಹಳೆ ರೂಟರ್ ತನ್ನದೇ ಬೇರೆ ನೆಟ್‌ವರ್ಕ್ ಕಟ್ಟಿಕೊಳ್ಳುತ್ತದೆ. ಹುಬ್ಬಳ್ಳಿಯಿಂದ ನನಗೆ ಚಿತ್ರ ಬರುತ್ತಿತ್ತು, ಮನೆಯ ಕಂಪ್ಯೂಟರಿನಲ್ಲಿ ನೋಡುವ ಅಪ್ಪನಿಗೆ ಡಿವಿಆರ್ ಸಿಗುತ್ತಿರಲಿಲ್ಲ. ಡಿವಿಆರ್‌ಗೆ ಒಂದು ಖಾಯಂ ಐಪಿ ವಿಳಾಸ ಕೊಟ್ಟೆ. 2.4 ಗಿಗಾಹರ್ಟ್ಸ್ ಮಾತ್ರ ಬಳಸಿದೆ, ದಪ್ಪ ಗೋಡೆಯನ್ನು 5 ಗಿಗಾಹರ್ಟ್ಸ್‌ಗಿಂತ ಅದೇ ಚೆನ್ನಾಗಿ ದಾಟುತ್ತದೆ. ವೇಗ ಕಡಿಮೆ ಅನ್ನಬೇಡಿ. 2 ಮೆಗಾಪಿಕ್ಸೆಲ್ ಕ್ಯಾಮೆರಾ ಒಂದಕ್ಕೆ 4 ಎಂಬಿಪಿಎಸ್ ಹಿಡಿದರೂ ನಾಲ್ಕಕ್ಕೆ 16. ಹಗಲುರಾತ್ರಿ ಕಡಿಯದೆ ಇರೋದು ಮುಖ್ಯ.

ಕಿಟಕಿಯ ಮೇಲಿಂದ ಗೋಡೆಗುಂಟ ಐದು ಮೀಟರ್ ಕೇಬಲ್ ಡಿವಿಆರ್‌ಗೆ ಇಳಿದಿದೆ, ಪೂರ್ತಿ ಕೋಣೆಯ ಒಳಗೇ. ಎರಡೂ ರೂಟರ್, ಡಿವಿಆರ್, ಕ್ಯಾಮೆರಾ ಎಲ್ಲ ಇನ್ವರ್ಟರ್ ಲೈನಿನಲ್ಲಿವೆ. ಇದು ಮರೆತರೆ ಕರೆಂಟ್ ಹೋದಾಗ ಎಲ್ಲ ವ್ಯರ್ಥ. ಆಗಸ್ಟ್ ಪೂರ್ತಿ ಎರಡೇ ಸಲ ಕಡಿಯಿತು, ಎರಡು ಸಲವೂ ತಾನಾಗಿಯೇ ಕೂಡಿಕೊಂಡಿತು.

ದೀಪಾವಳಿಗೆ ಮುಂಚೆ ಸುಣ್ಣ ಹೊಡೆಸುವಾಗ ಅಂಗಳದಲ್ಲಿ ಪೈಪ್ ಹೂಳಿಸಿ, ಅದರಲ್ಲಿ ತಾಮ್ರದ ಬದಲು ಫೈಬರ್ ಎಳೆಸಬೇಕು ಅಂತಿದ್ದೇನೆ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ, ಸಿಡಿಲಿನ ಭಯವಿಲ್ಲ. ಎರಡು ತುದಿಗೂ ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕನ್ನು ಲ್ಯಾನ್ ಸಿಗ್ನಲ್ಲಿಗೆ, ಲ್ಯಾನ್ ಸಿಗ್ನಲ್ಲನ್ನು ಬೆಳಕಿಗೆ ಬದಲಿಸುವ ಪೆಟ್ಟಿಗೆ) ಬೇಕು, ಬೆಲೆ ವಿಚಾರಿಸುತ್ತಿದ್ದೇನೆ. ಅಲ್ಲಿಯವರೆಗೆ ಹಳೆ ರೂಟರ್ ಕಿಟಕಿಯ ಮೇಲೆ ಇರಲಿ. ಇವತ್ತು ಬೆಳಗ್ಗೆ ಅವ್ವ ಹಿತ್ತಲಲ್ಲಿ ದಾಸವಾಳ ಕೀಳುತ್ತಿದ್ದದ್ದು ಕಾಣಿಸಿತು.